ಕಾಯಿಲೆ ಇಟ್ಟುಕೊಂಡು ಕೆಲಸ ಉಳಿಸಿಕೊಳ್ಳುವುದು ಹೇಗೆ? ನಲವತ್ತು ದಾಟಿದವರಿಗೆ ಹಂತ ಹಂತದ ದಾರಿ

"ಶುಗರ್ ಇದೆ ಅಂತ ಆಫೀಸಿನಲ್ಲಿ ಹೇಳಬೇಕಾ?" "ಮಂಡಿನೋವಿನಲ್ಲಿ ಎಂಟು ಗಂಟೆ ನಿಲ್ಲೋಕೆ ಆಗ್ತಿಲ್ಲ, ಕೆಲಸ ಬಿಟ್ಟುಬಿಡಲಾ?" ನಲವತ್ತರಿಂದ ಅರವತ್ತರೊಳಗಿನ ಓದುಗರು ತಿರುಗಿ ತಿರುಗಿ ಕೇಳುವುದು ಈ ಎರಡು ಪ್ರಶ್ನೆಗಳನ್ನೇ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಲು ಆಗುವುದಿಲ್ಲ. ಆದರೆ ಯಾವುದಾದ ಮೇಲೆ ಯಾವುದು ಎಂಬ ಕ್ರಮ ಇದೆ. ಆ ಕ್ರಮ ತಪ್ಪಿದಾಗಲೇ ಪೆಟ್ಟು ಬೀಳುವುದು: ಮೊದಲು ರಾಜೀನಾಮೆ, ಆಮೇಲೆ ಡಾಕ್ಟರ್, ಕೊನೆಗೆ ವಿಮೆ ಪಾಲಿಸಿ ತೆರೆದು ನೋಡುವುದು.

ದೀರ್ಘಕಾಲದ ಕಾಯಿಲೆ ಎಂದರೆ ವರ್ಷಗಟ್ಟಲೆ ಜೊತೆಗಿರುವಂಥದ್ದು. ಪೂರ್ತಿ ವಾಸಿಯಾಗದಿದ್ದರೂ ಹತೋಟಿಯಲ್ಲಿ ಇಡಬಹುದಾದದ್ದು. ಶುಗರ್, ಬಿಪಿ, ಥೈರಾಯ್ಡ್, ಸಂಧಿವಾತ, ಹಳೇ ಸೊಂಟನೋವು, ಅಸ್ತಮಾ, ಮೈಗ್ರೇನ್, ಹೃದಯ ಅಥವಾ ಕಿಡ್ನಿ ತೊಂದರೆ, ಖಿನ್ನತೆ ಎಲ್ಲ ಇದರಲ್ಲಿ ಬರುತ್ತವೆ. ಮುಟ್ಟು ನಿಲ್ಲುವುದು ಕಾಯಿಲೆಯಲ್ಲ. ಆದರೂ ಸಾಮಾನ್ಯವಾಗಿ 45ರಿಂದ 55ರ ನಡುವೆ ಬರುವ ಆ ಕಾಲದಲ್ಲಿ ನಿದ್ದೆ ಕೆಟ್ಟು, ಮೈಯೆಲ್ಲ ಇದ್ದಕ್ಕಿದ್ದಂತೆ ಬಿಸಿಯೇರಿ ಕೆಲಸಕ್ಕೆ ತೊಂದರೆಯಾಗುವವರು ಬಹಳ ಜನ. ಕೆಳಗಿನ ಹಂತಗಳು ಅವರಿಗೂ ಹೊಂದುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮ್ಯಾನೇಜರ್‌ಗೆ ನಿಮ್ಮ ಕಾಯಿಲೆ ಅರ್ಥವಾಗಬೇಕಾಗಿಲ್ಲ. ಯಾವ ಕೆಲಸ ಕಷ್ಟ, ಎಷ್ಟು ಹೊತ್ತು ಕಷ್ಟ, ಏನು ಬದಲಾದರೆ ಮಾಡಬಲ್ಲಿರಿ ಎಂಬುದು ಅರ್ಥವಾದರೆ ಸಾಕು. ಮುಂದಿನ ಹಂತಗಳೆಲ್ಲ ಈ ಮೂರಕ್ಕೆ ಉತ್ತರ ಸಿದ್ಧ ಮಾಡಿಕೊಳ್ಳುವುದಕ್ಕೇ.

1. ಕೆಟ್ಟ ವಾರದಲ್ಲಿ ದೊಡ್ಡ ತೀರ್ಮಾನ ಬೇಡ

ಕಾಯಿಲೆ ಈಗಷ್ಟೇ ಗೊತ್ತಾಗಿದೆ, ಅಥವಾ ಮಾತ್ರೆ ಬದಲಾಗಿದೆ ಎಂದಿಟ್ಟುಕೊಳ್ಳಿ. ಈಗಿನ ಸುಸ್ತು ಮುಂದೆಯೂ ಹೀಗೇ ಇರುತ್ತದೆ ಎಂದು ಲೆಕ್ಕ ಹಾಕಬೇಡಿ. ಔಷಧ ಹಿಡಿಯಲು ಹೊತ್ತು ಬೇಕು. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಿದರೆ ಮತ್ತೆ ರಕ್ತಪರೀಕ್ಷೆ ಮಾಡಿಸುವುದೇ 6ರಿಂದ 8 ವಾರದ ನಂತರ. ಖಿನ್ನತೆಯ ಮಾತ್ರೆಗಳ ಗುಣ ಸರಿಯಾಗಿ ಕಾಣಲು 4ರಿಂದ 6 ವಾರ ಹಿಡಿಯಬಹುದು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್‌ಗೆ 6ರಿಂದ 12 ವಾರ. ಶುಗರ್‌ನ ಎಚ್‌ಬಿಎ1ಸಿ ಪರೀಕ್ಷೆ ತೋರಿಸುವುದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು.

ಹಾಗಾಗಿ ಒಂದು ಮೂರು ತಿಂಗಳ ಗಡುವು ಹಾಕಿಕೊಳ್ಳಿ. ಅಲ್ಲಿಯವರೆಗೆ ರಾಜೀನಾಮೆ, ಸ್ವಯಂ ನಿವೃತ್ತಿ, ಕಡಿಮೆ ಸಂಬಳದ ಹುದ್ದೆಗೆ ಒಪ್ಪಿಗೆ ಯಾವುದೂ ಬೇಡ. ಯಾರಾದರೂ "ನೀವೇ ಬರೆದುಕೊಟ್ಟುಬಿಡಿ, ನಿಮಗೇ ಒಳ್ಳೆಯದು" ಎಂದರೆ, "ಯೋಚಿಸಿ ಹೇಳುತ್ತೇನೆ" ಎಂದು ಎದ್ದು ಬನ್ನಿ. ಕೂತಲ್ಲೇ ಸಹಿ ಹಾಕಬೇಡಿ. ಆದರೆ ಕೆಲಸವೇ ಜೀವಕ್ಕೆ ಕುತ್ತಾಗಿದ್ದರೆ, ಅಂದರೆ ಎತ್ತರದಲ್ಲಿ ನಿಂತಾಗ ತಲೆಸುತ್ತು, ಗಾಡಿ ಓಡಿಸುವಾಗ ತೂಕಡಿಕೆ ಬರುತ್ತಿದ್ದರೆ, ಈ ಗಡುವು ಅನ್ವಯಿಸುವುದಿಲ್ಲ. ಇವತ್ತೇ ಆ ಕೆಲಸ ನಿಲ್ಲಿಸಿ ಡಾಕ್ಟರನ್ನು ಕಾಣಿ.

2. ಎರಡು ವಾರ ಬರೆದಿಡಿ

"ಯಾವಾಗಲೂ ಸುಸ್ತು" ಎಂದರೆ ಡಾಕ್ಟರ್‌ಗೂ ಹೊಳೆಯುವುದಿಲ್ಲ, ಎಚ್‌ಆರ್‌ಗೂ ಹೊಳೆಯುವುದಿಲ್ಲ. ಮೊಬೈಲಿನಲ್ಲೋ ಸಣ್ಣ ನೋಟ್‌ಬುಕ್ಕಿನಲ್ಲೋ ಹೀಗೆ ಬರೆಯಿರಿ:

"ಮಂಗಳವಾರ, ಮಧ್ಯಾಹ್ನ 3:30. ಸ್ಟಾಕ್ ಎಣಿಸುತ್ತಾ ಒಂದೂವರೆ ಗಂಟೆ ನಿಂತಿದ್ದೆ. ಎಡಮಂಡಿ ಬಿಗಿಯಿತು. 20 ನಿಮಿಷ ಕೂತ ಮೇಲೆ ಸರಿಹೋಯಿತು. ರಾತ್ರಿ ಐದು ಗಂಟೆ ನಿದ್ದೆ."

ದಿನ, ಹೊತ್ತು, ಮಾಡುತ್ತಿದ್ದ ಕೆಲಸ, ಏನಾಯಿತು, ಯಾವುದರಿಂದ ಕಡಿಮೆಯಾಯಿತು. ಇಷ್ಟೇ. ರಜಾದಿನಗಳಲ್ಲೂ ಬರೆಯಿರಿ, ಅದೇ ಮುಖ್ಯ. ಉದಾಹರಣೆಗೆ ಅಸ್ತಮಾ ಇರುವವರಿಗೆ ರಜೆಯಲ್ಲಿ ಉಸಿರಾಟ ಸಲೀಸಾಗಿ, ಕೆಲಸಕ್ಕೆ ಮರಳಿದ ದಿನವೇ ಎದೆ ಬಿಗಿಯುತ್ತಿದ್ದರೆ, ಅಲ್ಲಿನ ದೂಳು, ಪೇಂಟು, ಹಿಟ್ಟು ಅಥವಾ ರಾಸಾಯನಿಕದ ಮೇಲೆ ಅನುಮಾನ ಪಡಬೇಕು. ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಸಾಧನ ಸಿಗುತ್ತದೆ. ಜೋರಾಗಿ ಊದಿದರೆ ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ತೋರಿಸುತ್ತದೆ. ಕೆಲಸದ ದಿನಗಳ ಅಂಕಿ, ರಜೆಯ ದಿನಗಳ ಅಂಕಿ ಎರಡನ್ನೂ ಡಾಕ್ಟರ್ ಮುಂದಿಟ್ಟರೆ ಮಾತು ಬೇಗ ಮುಗಿಯುತ್ತದೆ.

ಬರೆಯುತ್ತಾ ಹೋದಂತೆ ಹೆಚ್ಚಿನವರಿಗೆ ತಿಳಿಯುವುದೇನೆಂದರೆ, ಇಡೀ ಕೆಲಸ ಕಷ್ಟವಾಗಿರುವುದಿಲ್ಲ. ಹತ್ತರಲ್ಲಿ ಎರಡೋ ಮೂರೋ ಭಾಗ ಕಷ್ಟ, ಅದೂ ದಿನದ ಯಾವುದೋ ಒಂದು ಹೊತ್ತಿನಲ್ಲಿ.

3. ಡಾಕ್ಟರ್ ಹತ್ತಿರ ಕೆಲಸದ ಪಟ್ಟಿ ಒಯ್ಯಿರಿ

ನಾವು ರಿಪೋರ್ಟುಗಳ ಫೈಲು ಹಿಡಿದುಕೊಂಡು ಹೋಗುತ್ತೇವೆ, ಮಾಡುವ ಕೆಲಸ ಏನೆಂದು ಹೇಳುವುದೇ ಇಲ್ಲ ಅಲ್ವಾ? ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ: ಶಿಫ್ಟಿನ ಹೊತ್ತು, ಎಷ್ಟು ಭಾರ ಎತ್ತುತ್ತೀರಿ, ಎಷ್ಟು ಹೊತ್ತು ನಿಲ್ಲುತ್ತೀರಿ, ಬಿಸಿಲೋ ಬೆಂಕಿಯ ಹತ್ತಿರವೋ, ಗಾಡಿ ಓಡಿಸುತ್ತೀರಾ, ಊಟದ ಹೊತ್ತು ನಿಗದಿಯಾಗಿದೆಯಾ, ಟಾಯ್ಲೆಟ್ ಹತ್ತಿರವಿದೆಯಾ.

ಇದರಿಂದ ಔಷಧದ ಆಯ್ಕೆಯೇ ಬದಲಾಗಬಹುದು. ಶುಗರ್‌ಗೆ ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಅತಿಯಾಗಿ ಇಳಿಯುವುದು ಅಪರೂಪ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಆ ಅಪಾಯ ಇದೆ. ಇದಕ್ಕೆ ಹೈಪೊ ಎನ್ನುತ್ತಾರೆ, ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿಯುವುದು. ಬೆವರು, ನಡುಕ, ಗೊಂದಲ ಅದರ ಗುರುತು. ಮೆಷಿನ್ ಮುಂದೆ ಅಥವಾ ಸ್ಟಿಯರಿಂಗ್ ಹಿಂದೆ ಕೂರುವವರು ಈ ವಿಷಯ ಡಾಕ್ಟರ್ ಹತ್ತಿರ ಹೇಳಲೇಬೇಕು. ಬಿಪಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಂಡರೆ ಮುಂದಿನ ಕೆಲವು ಗಂಟೆ ಮೇಲಿಂದ ಮೇಲೆ ಏಳಬೇಕಾಗುತ್ತದೆ. ಬೆಳಗ್ಗೆ ಬಸ್ ಓಡಿಸುವವರಿಗೆ ಅದನ್ನು ಬೇರೆ ಹೊತ್ತಿಗೆ ಕೊಡಬಹುದಾ ಎಂದು ಕೇಳಿ. ಬಿಸಿಲಲ್ಲಿ ದುಡಿಯುವವರಿಗೆ ಇದೇ ಮಾತ್ರೆಯಿಂದ ನೀರಿನಂಶ ಕಡಿಮೆಯಾಗಿ ತಲೆಸುತ್ತು ಬರಬಹುದು. ಅಲರ್ಜಿಯ ಕೆಲವು ಹಳೇ ಮಾತ್ರೆಗಳು ಮಂಪರು ತರಿಸುತ್ತವೆ, ಮಂಪರು ಕಡಿಮೆ ಇರುವ ಬೇರೆಯವೂ ಇವೆ. ಡಯಾಲಿಸಿಸ್ ಬೇಕಾದವರು ಇನ್ನೊಂದು ಪ್ರಶ್ನೆ ಕೇಳಬೇಕು. ಆಸ್ಪತ್ರೆಯಲ್ಲಿ ಮಾಡುವ ಬಗೆಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಬೇಕು. ಹೊಟ್ಟೆಯ ಮೂಲಕ ಮನೆಯಲ್ಲೇ ರಾತ್ರಿ ಮಾಡಿಕೊಳ್ಳುವ ಬಗೆಯೂ ಇದೆ. ಎಲ್ಲರಿಗೂ ಅದು ಆಗುವುದಿಲ್ಲ, ಆದರೆ ಕೇಳದೆ ಗೊತ್ತಾಗುವುದಿಲ್ಲ.

ಇಲ್ಲಿ ಎಡವುವವರು ಜಾಸ್ತಿ. ಶಿಫ್ಟ್ ದಾಟಿದರೆ ಸಾಕು ಎಂದು ದಿನಾ ನೋವಿನ ಮಾತ್ರೆ ನುಂಗುವುದು ಮೊದಲನೆಯದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ಬಿಪಿ ಏರಿಸಬಹುದು, ಕಿಡ್ನಿಗೂ ಪೆಟ್ಟು. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ತಲೆನೋವಿಗೆ ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ಸಾದಾ ನೋವಿನ ಮಾತ್ರೆ ತೆಗೆದುಕೊಳ್ಳುತ್ತಾ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು. ಇನ್ನೊಂದು, ಸುಸ್ತಾಗುತ್ತದೆ ಎಂದು ಮಾತ್ರೆಯನ್ನು ನಾವೇ ನಿಲ್ಲಿಸುವುದು. ಹೃದಯಕ್ಕೂ ಬಿಪಿಗೂ ಕೊಡುವ ಬೀಟಾ ಬ್ಲಾಕರ್ ಎಂಬ ಗುಂಪಿನ ಮಾತ್ರೆಗಳನ್ನು ದಿಢೀರನೆ ಬಿಟ್ಟರೆ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು. ಸುಸ್ತಾದರೆ ಹೇಳಿ, ಬದಲಿಸಿಕೊಡುತ್ತಾರೆ.

4. ಹೇಳಬೇಕಾ? ಯಾರಿಗೆ? ಎಷ್ಟು?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಾಯಿಲೆ ಹತೋಟಿಯಲ್ಲಿದ್ದು ಕೆಲಸಕ್ಕೆ ಅಡ್ಡಿಯಾಗದಿದ್ದರೆ ಸುಮ್ನೆ ಸಾರಿಕೊಂಡು ಹೋಗುವ ಅಗತ್ಯ ಇಲ್ಲ. ಬಿಪಿ ಮಾತ್ರೆ ತಿನ್ನುವುದು ನಿಮ್ಮ ಸ್ವಂತ ವಿಷಯ. ಹೇಳಬೇಕಾದ ಸಂದರ್ಭ ಮೂರು.

ಮೊದಲನೆಯದು, ನಿಮಗೋ ಇನ್ನೊಬ್ಬರಿಗೋ ಅಪಾಯ ಇರುವಾಗ. ಡ್ರೈವರ್, ಕ್ರೇನ್ ಆಪರೇಟರ್, ಎತ್ತರದಲ್ಲೋ ವಿದ್ಯುತ್ ಲೈನಿನಲ್ಲೋ ಕೆಲಸ ಮಾಡುವವರಿಗೆ ಮೂರ್ಛೆ, ಹೈಪೊ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಮುಚ್ಚಿಡುವಂತಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವವರು ಹಗಲು ತಮಗೇ ಗೊತ್ತಾಗದಂತೆ ತೂಕಡಿಸುತ್ತಾರೆ. ಎರಡನೆಯದು, ಕೆಲಸದಲ್ಲಿ ಏನಾದರೂ ಬದಲಾವಣೆ ಬೇಕಾದಾಗ. ಮೂರನೆಯದು, ರಜೆಗಳು ಕಣ್ಣಿಗೆ ಬೀಳುವಷ್ಟು ಹೆಚ್ಚಾದಾಗ. ಇಲ್ಲಿ ಮೌನವಾಗಿದ್ದರೆ ಜನ ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ, ಅದು "ಸೋಮಾರಿ" ಎಂದೇ ಇರುತ್ತದೆ.

ಯಾರಿಗೆ? ಕಂಪನಿ ಡಾಕ್ಟರ್ ಇದ್ದರೆ ಮೊದಲು ಅಲ್ಲಿಗೆ. ವಿವರ ಅಲ್ಲೇ ಉಳಿಯುತ್ತದಾ, ಯಾರ್‍ಯಾರಿಗೆ ಹೋಗುತ್ತದೆ ಎಂದು ಮಾತು ಶುರು ಮಾಡುವ ಮುಂಚೆಯೇ ಕೇಳಿ. ಎಚ್‌ಆರ್‌ಗೆ ಪತ್ರ, ಮ್ಯಾನೇಜರ್‌ಗೆ ಕೆಲಸಕ್ಕೆ ಸಂಬಂಧಿಸಿದಷ್ಟು ಮಾತ್ರ. ಹೈಪೊ, ಮೂರ್ಛೆ ಅಥವಾ ಜೋರು ಅಸ್ತಮಾ ಇರುವವರು ಪಕ್ಕದಲ್ಲಿ ಕೂರುವ, ನಂಬಿಕೆಯ ಒಬ್ಬರಿಗೆ ಏನು ಮಾಡಬೇಕೆಂದು ಹೇಳಿಕೊಡಿ. ಹೈಪೊ ಆದರೆ 15 ಗ್ರಾಂ ಗ್ಲೂಕೋಸ್ ಅಥವಾ ಅಷ್ಟೇ ಸಕ್ಕರೆ ಇರುವ ಜ್ಯೂಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಂಬುಲೆನ್ಸ್ ಕರೆಯಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಡ್ರಾಯರ್‌ನಲ್ಲಿಟ್ಟರೆ ಇನ್ನೂ ಒಳ್ಳೆಯದು.

ಎಷ್ಟು? ಕಡಿಮೆ. ಕ್ಯಾಂಟೀನಿನಲ್ಲಿ ಕೂತು ಸ್ಕ್ಯಾನ್ ರಿಪೋರ್ಟ್ ಓದಿ ಹೇಳುವವರನ್ನು ನೋಡಿದ್ದೇನೆ. ಸಂಜೆಯೊಳಗೆ ಅದು ಇಡೀ ಆಫೀಸಿಗೆ ಗೊತ್ತಿರುತ್ತದೆ, ಜೊತೆಗೆ ಸ್ವಲ್ಪ ಉಪ್ಪುಖಾರವೂ ಸೇರಿರುತ್ತದೆ. ಖಿನ್ನತೆ, ಆತಂಕದಂಥ ವಿಷಯದಲ್ಲಂತೂ ಇನ್ನೂ ಹುಷಾರು. "ಚಿಕಿತ್ಸೆಯಲ್ಲಿದ್ದೇನೆ, ಸುಧಾರಿಸುತ್ತಿದೆ, ಇಷ್ಟು ತಿಂಗಳು ಈ ಅನುಕೂಲ ಬೇಕು" ಎಂದರೆ ಸಾಕಾಗುತ್ತದೆ. ಆದರೆ ಕಡಿಮೆ ಹೇಳುವುದು ಬೇರೆ, ಸುಳ್ಳು ಹೇಳುವುದು ಬೇರೆ. ಆರೋಗ್ಯದ ಫಾರಂನಲ್ಲಿ ನೇರವಾಗಿ ಕೇಳಿದ ಪ್ರಶ್ನೆಗೆ ಸುಳ್ಳು ಬರೆದರೆ, ಮುಂದೆ ಅದನ್ನೇ ಹಿಡಿದು ಕೆಲಸದಿಂದ ತೆಗೆಯಬಹುದು.

5. ಬಾಯಿಮಾತಿನ ಜೊತೆ ಒಂದು ಪತ್ರ

ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗೆ ಕೆಲಸದಲ್ಲಿ ಮಾಡಿಕೊಡುವ ಸಣ್ಣಪುಟ್ಟ ಬದಲಾವಣೆಗೆ "ರೀಸನಬಲ್ ಅಕಾಮಡೇಷನ್" ಎಂಬ ಹೆಸರಿದೆ. ಅಂದರೆ ಸಂಸ್ಥೆಗೆ ಅತಿಯಾದ ಹೊರೆಯಾಗದಂತೆ, ನಿಮಗೆ ಅಗತ್ಯವಿರುವ ಹೊಂದಾಣಿಕೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಪ್ಪಂದದಲ್ಲಿ ಇದು ಇದೆ. ನಿಮ್ಮ ಕಾಯಿಲೆ ಅದರೊಳಗೆ ಬರುತ್ತದಾ ಎಂಬುದು ಆಯಾ ದೇಶದ ಕಾನೂನಿನ ಮೇಲೆ ನಿಂತಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1982ರ 158ನೇ ಒಪ್ಪಂದ, ಕಾಯಿಲೆಯಿಂದ ತಾತ್ಕಾಲಿಕವಾಗಿ ಗೈರಾಗುವುದು ಕೆಲಸದಿಂದ ತೆಗೆಯಲು ಸರಿಯಾದ ಕಾರಣವಲ್ಲ ಎನ್ನುತ್ತದೆ. ಆದರೆ ಅದಕ್ಕೆ ಸಹಿ ಹಾಕಿ ಒಪ್ಪಿಕೊಂಡ ದೇಶಗಳಿಗೆ ಮಾತ್ರ ಅದರ ಕಟ್ಟು. ಆದ್ದರಿಂದ ಯೂನಿಯನ್‌ನವರನ್ನೋ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನೋ ಒಮ್ಮೆ ಕೇಳಿಕೊಳ್ಳಿ. ಕಾನೂನು ಏನೇ ಇರಲಿ, ಪತ್ರದಲ್ಲಿ ಮೊದಲ ಸಾಲಿಗೇ ಕಾನೂನಿನ ಕಲಂ ಹಾಕಬೇಡಿ. ಕೇಳಿದ್ದು ಕೊಡಬಹುದಾದದ್ದೇ ಆಗಿದ್ದರೂ ಎದುರಿನವರು ಬಿಗಿಯಾಗುತ್ತಾರೆ.

ಪತ್ರ ಹೀಗಿರಲಿ:

"ಮಾನ್ಯರೇ, ನನಗೆ ದೀರ್ಘಕಾಲದ ಕೀಲುನೋವಿನ ತೊಂದರೆ ಇದ್ದು ಚಿಕಿತ್ಸೆಯಲ್ಲಿದ್ದೇನೆ. ಬಿಲ್ಲಿಂಗ್, ದಾಖಲೆ, ಸಿಬ್ಬಂದಿ ಮೇಲ್ವಿಚಾರಣೆ ಎಂದಿನಂತೆ ಮಾಡುತ್ತಿದ್ದೇನೆ. ಸತತ ಒಂದು ಗಂಟೆಗಿಂತ ಹೆಚ್ಚು ನಿಲ್ಲುವುದು ಮತ್ತು ಮೆಟ್ಟಿಲು ಹತ್ತಿ ಭಾರ ಸಾಗಿಸುವುದು ಮಾತ್ರ ಕಷ್ಟವಾಗುತ್ತಿದೆ. ಕೌಂಟರ್‌ನಲ್ಲಿ ಎತ್ತರದ ಕುರ್ಚಿ ಕೊಟ್ಟರೆ ಮತ್ತು ಸ್ಟಾಕ್ ಸಾಗಿಸುವ ಕೆಲಸವನ್ನು ಬೇರೆಯವರಿಗೆ ವಹಿಸಿ ಅದರ ಬದಲು ಸಂಜೆಯ ಲೆಕ್ಕ ನನಗೆ ಕೊಟ್ಟರೆ ಅನುಕೂಲ. ಎರಡು ತಿಂಗಳು ಹೀಗೆ ನೋಡಿ ಮತ್ತೆ ಮಾತಾಡೋಣ. ಡಾಕ್ಟರ ಪತ್ರ ಲಗತ್ತಿಸಿದ್ದೇನೆ."

ಗಮನಿಸಿ, ಏನು ಮಾಡಬಲ್ಲೆ ಎಂಬುದು ಮೊದಲು ಬಂದಿದೆ. ಕೇಳಿದ್ದು ಎರಡೇ, ಒಂದಕ್ಕೆ ಬದಲಾಗಿ ಇನ್ನೊಂದು ಕೆಲಸ ತಾವೇ ಮುಂದಿಟ್ಟಿದ್ದಾರೆ. ಇದು ಸಹೋದ್ಯೋಗಿಗಳ ಗೊಣಗಾಟವನ್ನೂ ಕಡಿಮೆ ಮಾಡುತ್ತದೆ. ಡಾಕ್ಟರ ಪತ್ರವೂ "ಲಘು ಕೆಲಸ ಕೊಡಿ" ಎಂದಷ್ಟೇ ಇರಬಾರದು. ಲಘು ಕೆಲಸ ಎಂದರೆ ಏನೆಂದು ಯಾರಿಗೂ ಗೊತ್ತಿಲ್ಲ. ಹಲವು ಕಡೆ ಅದಕ್ಕೆ ಸಿಗುವ ಉತ್ತರ "ಇಲ್ಲಿ ಲಘು ಕೆಲಸ ಇಲ್ಲ, ಮನೆಗೆ ಹೋಗಿ" ಎಂದು. ಎಷ್ಟು ಕಿಲೋ, ಎಷ್ಟು ಗಂಟೆ, ಎಷ್ಟು ತಿಂಗಳು ಎಂದು ಬರೆಸಿಕೊಳ್ಳಿ.

ಏನೇನು ಕೇಳಬಹುದು? ಶುಗರ್ ಇರುವವರು ಊಟ ಮತ್ತು ಪರೀಕ್ಷೆಗೆ ನಿಗದಿತ ಹೊತ್ತು, ಇನ್ಸುಲಿನ್ ಇಡಲು ಫ್ರಿಜ್‌ನಲ್ಲಿ ಜಾಗ. ಮೈಗ್ರೇನ್‌ಗೆ ಮಿಣುಕುವ ಟ್ಯೂಬ್‌ಲೈಟಿನಿಂದ ದೂರದ ಕುರ್ಚಿ. ಸೊಂಟನೋವಿಗೆ ಆಗಾಗ ಎದ್ದು ಓಡಾಡುವ ಸ್ವಾತಂತ್ರ್ಯ. ಬೆಳಗ್ಗೆ ಕೀಲು ಬಿಗಿಯುವ ಸಂಧಿವಾತಕ್ಕೆ ಒಂದು ಗಂಟೆ ತಡವಾಗಿ ಶುರು ಮಾಡಿ ತಡವಾಗಿ ಮುಗಿಸುವುದು. ಮೈ ಬಿಸಿಯೇರುವವರಿಗೆ ಒಂದು ಫ್ಯಾನ್, ತೆಳು ಬಟ್ಟೆಯ ಯೂನಿಫಾರಂ. ಇವುಗಳಲ್ಲಿ ಹೆಚ್ಚಿನವಕ್ಕೆ ದುಡ್ಡೇ ಬೇಡ.

ರಾತ್ರಿ ಪಾಳಿ ಮತ್ತು ಓವರ್‌ಟೈಮ್ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಪ್ರತಿಶತ ಹೆಚ್ಚು. ಹೃದಯಕ್ಕೆ ರಕ್ತ ಕಡಿಮೆಯಾಗುವ ಕಾಯಿಲೆಯಿಂದ ಸಾಯುವ ಅಪಾಯ 17 ಪ್ರತಿಶತ ಹೆಚ್ಚು. ಈಗಾಗಲೇ ಬಿಪಿ, ಶುಗರ್ ಇರುವವರು ಈ ಅಂಕಿಯನ್ನು ಹಗುರವಾಗಿ ನೋಡುವಂತಿಲ್ಲ.

6. ಸಿಕ್ಕ ಮೇಲೆ ಬರೆದಿಟ್ಟುಕೊಳ್ಳಿ

ಬಾಯಿಮಾತಿನಲ್ಲಿ ಒಪ್ಪಿದರೆ ಅವತ್ತೇ ಒಂದು ಮೇಲ್ ಹಾಕಿ: "ಇವತ್ತು ಮಾತಾಡಿದಂತೆ ಸೋಮವಾರದಿಂದ ಹೀಗೆ ಮಾಡುತ್ತೇನೆ, ಧನ್ಯವಾದ." ಮ್ಯಾನೇಜರ್ ಬದಲಾದ ದಿನ ಇದರ ಬೆಲೆ ಗೊತ್ತಾಗುತ್ತದೆ. ಪ್ರತಿಯನ್ನು ಆಫೀಸ್ ಮೇಲ್‌ನಲ್ಲಿ ಮಾತ್ರ ಇಡಬೇಡಿ, ಕೆಲಸ ಹೋದರೆ ಅದೂ ಹೋಗುತ್ತದೆ. ಕೊಡಲು ಆಗುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ, ಬದಲಿ ಏನಾದರೂ ಇದೆಯಾ ಎಂದೂ ಕೇಳಿ.

7. ದೊಡ್ಡ ರಜೆ, ಆಮೇಲೆ ಮರಳುವುದು

ಆಪರೇಷನ್ನೋ ಹೃದಯಾಘಾತವೋ ಆಗಿ ತಿಂಗಳುಗಟ್ಟಲೆ ಮನೆಯಲ್ಲಿದ್ದಾಗ ಆಫೀಸಿನ ಜೊತೆ ಮಾತು ಪೂರ್ತಿ ನಿಲ್ಲಿಸಬೇಡಿ. ಎರಡು ವಾರಕ್ಕೊಮ್ಮೆ ನಾಲ್ಕು ಸಾಲು ಸಾಕು. ರಜೆ ಮುಗಿಯುವ ಮುಂಚೆಯೇ ವಿಸ್ತರಣೆಯ ಅರ್ಜಿ ಹೋಗಬೇಕು. ಅರ್ಜಿ ಇಲ್ಲದೆ ಒಂದು ವಾರ ಕಳೆದರೆ ಅದು "ತಿಳಿಸದೆ ಗೈರು" ಆಗುತ್ತದೆ, ಕಾಯಿಲೆಗಿಂತ ಅದೇ ದೊಡ್ಡ ತಲೆನೋವು.

ಸೊಂಟನೋವಿನವರಿಗೆ ಒಂದು ಎಚ್ಚರಿಕೆ. ಪೂರ್ತಿ ವಾಸಿಯಾಗುವವರೆಗೆ ಹಾಸಿಗೆಯಲ್ಲೇ ಇರುತ್ತೇನೆ ಎಂಬ ಲೆಕ್ಕ ಹಳೆಯದು. ಸಾಮಾನ್ಯ ಸೊಂಟನೋವಿಗೆ ಆದಷ್ಟು ಓಡಾಡಿಕೊಂಡಿರುವುದೇ ಒಳ್ಳೆಯದು ಎನ್ನುವುದು ಈಗಿನ ವೈದ್ಯರ ಮಾತು. ಕಾಲು ಬಲ ಕಳೆದುಕೊಂಡರೆ, ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ ಅದು ಬೇರೆ ಕತೆ, ತಕ್ಷಣ ಆಸ್ಪತ್ರೆಗೆ.

ಮರಳುವಾಗ ಮೆಟ್ಟಿಲು ಮೆಟ್ಟಿಲಾಗಿ ಮರಳಿ: ಮೊದಲು ಕೆಲವು ವಾರ ಅರ್ಧ ದಿನ, ಆಮೇಲೆ ಮುಕ್ಕಾಲು, ಆಮೇಲೆ ಪೂರ್ತಿ. ಸಾಧ್ಯವಾದರೆ ವಾರದ ಮಧ್ಯದಲ್ಲಿ ಶುರು ಮಾಡಿ, ಎರಡು ದಿನದಲ್ಲೇ ವಾರದ ರಜೆ ಸಿಗುತ್ತದೆ. ಮೊದಲ ದಿನವೇ "ನಾನು ಮೊದಲಿನ ಹಾಗೇ ಇದ್ದೇನೆ" ಎಂದು ತೋರಿಸಿಕೊಳ್ಳಲು ಹೋಗುವ ಆಸೆ ಎಲ್ಲರಿಗೂ ಇರುತ್ತದೆ, ತಡೆದುಕೊಳ್ಳಿ. ಅರ್ಧ ದಿನದ ಅವಧಿಯಲ್ಲಿ ಸಂಬಳದ ಲೆಕ್ಕ ಹೇಗೆ, ಉಳಿದ ಅರ್ಧ ರಜೆಯಲ್ಲಿ ಹೋಗುತ್ತದಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

8. ಬಿಡಲೇಬೇಕು ಎಂದಾದರೆ

ಎಲ್ಲ ಮಾಡಿಯೂ ಆಗದಿರಬಹುದು. ಕೆಲವು ಕೆಲಸ ಕೆಲವು ದೇಹಕ್ಕೆ ಆಗುವುದಿಲ್ಲ, ಅದರಲ್ಲಿ ಅವಮಾನ ಏನಿಲ್ಲ. ಆದರೆ ಪತ್ರ ಕೊಡುವ ಮುಂಚೆ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದಾ, ಮೊದಲೇ ಇರುವ ಕಾಯಿಲೆಗೆ ಎಷ್ಟು ವರ್ಷ ಕಾಯಬೇಕು ಎಂದು ಬರಹದಲ್ಲಿ ಕೇಳಿ. ಈ ಕಾಯುವ ಅವಧಿಯಲ್ಲಿ ಆ ಕಾಯಿಲೆಯ ಆಸ್ಪತ್ರೆ ಖರ್ಚನ್ನು ವಿಮೆ ಕೊಡುವುದಿಲ್ಲ. ಹೊಸ ಪಾಲಿಸಿಯ ಅರ್ಜಿಯಲ್ಲಿ ಶುಗರ್, ಬಿಪಿ ಮುಚ್ಚಿಟ್ಟರೆ ಕ್ಲೇಮ್ ಬಂದ ದಿನ ತಿರಸ್ಕರಿಸಲು ಅವರಿಗೆ ಅದೇ ಸಾಕು.

ಇನ್ನೊಂದು ವ್ಯತ್ಯಾಸ ನೋಡಿಕೊಳ್ಳಿ. ತಾನಾಗಿ ರಾಜೀನಾಮೆ ಕೊಡುವುದು, ಆರೋಗ್ಯದ ಕಾರಣಕ್ಕೆ ಬಿಡುಗಡೆ ಪಡೆಯುವುದು ಎರಡಕ್ಕೂ ಸಿಗುವ ಹಣ, ಪಿಂಚಣಿ ಹಲವು ಕಡೆ ಬೇರೆ ಬೇರೆ. "ವೈಯಕ್ತಿಕ ಕಾರಣ" ಎಂದು ಒಂದು ಸಾಲು ಬರೆದುಕೊಟ್ಟ ಮೇಲೆ ಎರಡನೆಯದನ್ನು ಕೇಳುವುದು ಕಷ್ಟ.

ಹೊಸ ಕೆಲಸದ ಸಂದರ್ಶನದಲ್ಲಿ ಕಾಯಿಲೆಯ ಮಾತನ್ನು ನೀವಾಗಿ ಎತ್ತಬೇಕಾಗಿಲ್ಲ. ಕೆಲಸದ ಬಗ್ಗೆ ಕೇಳಿ: ಶಿಫ್ಟ್ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ಪ್ರಯಾಣ ಎಷ್ಟು, ಮನೆಯಿಂದ ಕೆಲಸ ಮಾಡಲು ಬಿಡುತ್ತಾರಾ, ಪ್ರೊಬೇಷನ್ ಅವಧಿಯಲ್ಲಿ ರಜೆಯ ನಿಯಮ ಏನು, ವಿಮೆ ಯಾವತ್ತಿನಿಂದ ಶುರು. ಅವರ ಉತ್ತರವನ್ನು ನಿಮ್ಮ ಎರಡು ವಾರದ ನೋಟ್‌ಬುಕ್ ಪಕ್ಕದಲ್ಲಿಟ್ಟು ನೋಡಿ. ಹಳೇ ಕೆಲಸ ಬಿಡುವ ದಿನಕ್ಕೂ ಹೊಸ ವಿಮೆ ಶುರುವಾಗುವ ದಿನಕ್ಕೂ ನಡುವೆ ಅಂತರ ಇದ್ದರೆ, ಆಗಬೇಕಾದ ಪರೀಕ್ಷೆಗಳನ್ನು ಹಳೇ ವಿಮೆಯಲ್ಲೇ ಮುಗಿಸಿ, ಒಂದೆರಡು ತಿಂಗಳ ಔಷಧ ಕೈಯಲ್ಲಿಟ್ಟುಕೊಂಡು ಹೊರಡಿ.